ಜಾಗ ತಿಳಿಯದ ಜರೀಗಿಡ

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ದೀಪ ಸ್ವಲ್ಪ ಸಣ್ಣಗೆ ಮಾಡಿ, ಹೇಳ್ತೀನಿ.

ರಾತ್ರಿ ಕೆಲಸ ಮುಗಿಸಿ, ಹಾಳುಬಾವಿ ಪಕ್ಕದ ದಾರಿ ಹಿಡಿದು ಮನೆಗೆ ಹೊರಟಿದ್ಲು. ಅವಳದು ಒಣಗಿಡಗಳ ಕಚೇರಿ. ಕಾಡಿನ ಗಿಡಗಳನ್ನ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಎಲ್ಲಿ ಸಿಕ್ತು, ಯಾರು ತಂದ್ರು ಅಂತ ಚೀಟಿ ಹಚ್ಚಿ ಬೀರುವಿನಲ್ಲಿ ಇಡೋದು. ಆ ಬೀರುಗಳನ್ನೆಲ್ಲ ಹೊಸ ಕಟ್ಟಡಕ್ಕೆ ಸಾಗಿಸಬೇಕಿತ್ತು. ತಿಂಗಳುಗಟ್ಟಲೆ ಅದೇ ಪಾಡು. ಧೂಳು ಕುಡಿದು ಗಂಟಲು ಕಟ್ಟಿತ್ತು, ಸೊಂಟ ಬಿದ್ದುಹೋಗಿತ್ತು. "ನಾನೂ ಒಣಗಿದೀನಿ, ನನ್ನನ್ನೂ ಅಂಟಿಸಿಬಿಡಿ" ಅಂತಿದ್ಲು.

ಆವತ್ತು ಸಂಜೆ ಒಂದು ಜರೀಗಿಡದ ಹಾಳೆ ಕೈಗೆ ಬಂದಿತ್ತು. ಜನ ಕಾಲಿಡದ ಬೆಟ್ಟದ ಕಾಡಿನದು. ಆ ಜಾತಿಯದು ಇದ್ದಿದ್ದೇ ಅದೊಂದು ಹಾಳೆ. ತಂದವನು ಮತ್ತೆ ಅದೇ ಬೆಟ್ಟಕ್ಕೆ ಹೋದೋನು ತಿರುಗಿ ಬರಲಿಲ್ಲ. ಅವಳು ಹುಟ್ಟೋಕೆ ಎಷ್ಟೋ ಮೊದಲಿನ ಮಾತು. ಚೀಟಿಯಲ್ಲಿ ಬೆಟ್ಟದ ಹೆಸರು ಉಳಿದಿತ್ತು, ಬೆಟ್ಟದಲ್ಲಿ ಯಾವ ಜಾಗ ಅಂತ ಬರೆದಿದ್ದ ಕಡೆ ಹುಳ ತಿಂದಿತ್ತು.

"ಎಲ್ಲಿಯದು ಅಂತ ತಿಳಿಯದ ಗಿಡ ಕಸಕ್ಕೆ ಸಮ ಕಣಮ್ಮ, ಎಸಿ" ಅಂದ್ರು ಮೇಲಧಿಕಾರಿ. ವಾದ ಮಾಡೋಕೆ ತ್ರಾಣ ಇರಲಿಲ್ಲ. ಕಸದ ಪೆಟ್ಟಿಗೆಗೆ ಹಾಕಿ ಬಂದಿದ್ಲು.

ಬಾವಿ ಹತ್ತಿರ ಬಂತು... ಸರಕ್. ಒಣ ಪೇಪರ್ ಮಗುಚಿದ ಸದ್ದು. ನಿಂತ್ಲು... ಮತ್ತೆ, ಸರಕ್. ಆಮೇಲೆ ಧಪ್ ಅಂತ, ಒದ್ದೆ ಬೂಟು ಕಳಚಿ ಬಿಟ್ಟ ಹಾಗೆ.

ಬಾವಿಕಟ್ಟೆ ಮೇಲೆ ಯಾರೋ ಕೂತಿದ್ರು. ಬೆನ್ನು ಮಾತ್ರ ಕಾಣ್ತಿತ್ತು.

"ಯಾರದು?"

"ಮೆಲ್ಲಗೆ... ತುಂಬ ಸುಸ್ತಾಗಿದೆ."

"ನನಗೂ." ಬಾಯಿಂದ ಜಾರಿಬಿಡ್ತು.

"ಎಸೆದುಬಿಟ್ಯಾ?"

ಹಾಳೆಯ ಮಾತು ಅಂತ ಅವಳಿಗೆ ಹೊಳೀತು. "ಜಾಗ... ಗೊತ್ತಿರಲಿಲ್ಲ."

"ಎರಡನೇ ಕಣಿವೆ ದಾಟಿದ ಮೇಲೆ... ಎಡಕ್ಕೊಂದು ಗವಿ. ಅದರ ಬಾಯಲ್ಲಿ." ಉಸಿರು ಎಳೆದುಕೊಂಡ. "ಎಷ್ಟು ಜನಕ್ಕೆ ಅಂತ ಹೇಳಲಿ... ಎಲ್ಲ ಓಡಿಹೋಗ್ತಾರೆ."

ಓಡೋಕೆ ಇವಳ ಕಾಲಲ್ಲಿ ಬಲ ಇದ್ರೆ ತಾನೆ! ಮೆಲ್ಲಗೆ ಹಿಂದಕ್ಕೆ ತಿರುಗಿ, ಕಚೇರಿಗೇ ನಡೆದ್ಲು. ಕಾವಲಿನವನು ಗೊಣಗುತ್ತಾ ಬಾಗಿಲು ತೆಗೆದ. ಹಾಳೆ ಎತ್ತಿ, ಧೂಳು ಒರೆಸಿ, ಜಾಗ ಬರೆದು, ಕೆಳಗೆ ‘ತಂದವರ ಬಾಯಿಮಾತು’ ಅಂತ ಸೇರಿಸಿದ್ಲು. ಸುಳ್ಳು ಬರೆಯೋ ಪೈಕಿ ಅಲ್ಲ ಅವಳು.

ಬೆಳಿಗ್ಗೆ ಮೇಲಧಿಕಾರಿ ಕನ್ನಡಕ ಏರಿಸಿ ನೋಡಿದ್ರು. "ಸತ್ತು ಯಾವ ಕಾಲ ಆಯ್ತು ಆತ! ಬಾಯಿಮಾತು ಯಾವಾಗ ಕೇಳಿದೆ?"

"ನಿನ್ನೆ ರಾತ್ರಿ."

ಅವಳ ಮುಖ ನೋಡಿ ಅವರು ತಣ್ಣಗಾದ್ರು. "ನೀನು ನಾಲ್ಕು ದಿನ ರಜ ತಗೋ ತಾಯಿ." ಆದರೆ ಹಾಳೆ ಎಸೆಯಲಿಲ್ಲ.

ಮಳೆ ನಿಂತ ಮೇಲೆ ಕಚೇರಿಯ ಇಬ್ಬರನ್ನ ಕಟ್ಟಿಕೊಂಡು ಬೆಟ್ಟ ಹತ್ತಿದ್ಲು. ಎರಡನೇ ಕಣಿವೆ ದಾಟಿದ್ರು. ಎಡಕ್ಕೆ ಗವಿ. ಗವಿಯ ಬಾಯಿ ತುಂಬ ಅದೇ ಜರೀಗಿಡ, ಪರದೆ ಇಳಿಬಿಟ್ಟ ಹಾಗೆ. ಅಲ್ಲೇ ಕುಸಿದು ಕೂತು ಅತ್ತುಬಿಟ್ಲು. ಖುಷಿಗೋ, ಸುಸ್ತಿಗೋ, ಅವಳಿಗೇ ತಿಳೀಲಿಲ್ಲ.

ಜೊತೆಯವನು ಮೆತ್ತಗೆ ಕರೆದ. "ಅಕ್ಕಾ... ಇಲ್ಲಿ ನೋಡಿ."

ಜರೀಗಿಡದ ಒಂದು ಗರಿಯನ್ನ ಯಾರೋ ಬುಡದಲ್ಲಿ ಚಾಕುವಿನಿಂದ ನೇರವಾಗಿ ಕೊಯ್ದಿದ್ರು. ಕೊಯ್ದ ಕಡೆ ಇನ್ನೂ ರಸ ಜಿನುಗ್ತಿತ್ತು. ಇವರ ಚಾಕುಗಳು ಇನ್ನೂ ಚೀಲದಲ್ಲೇ ಇದ್ವು... ಆ ಇಬ್ಬರು ಈಗಲೂ ಇದಾರೆ, ಹೋಗಿ ಕೇಳಿ. ಇದನ್ನೇ ಹೇಳ್ತಾರೆ.