‘ಯ’ ಬರುವ ತನಕ

ಅಯ್ಯೋ, ನೀವು ಹೀಗೆ ನಗುತ್ತಾ ಕೂತರೆ ನಾನು ಗಾಳ ಬೀಸುವುದೇ ಇಲ್ಲ ನೋಡ್ರಿ, ಲಕ್ಷ್ಮಣಪ್ಪನವರೇ! ದಾರ ನನ್ನ ಪಂಚೆಗೇ ಸುತ್ತಿಕೊಂಡರೆ ಅದರಲ್ಲಿ ನಗುವಂಥದ್ದೇನು? ಹಿಂದಕ್ಕೆ ಬೀಸು, ದಾರ ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳಲಿ, ಆಮೇಲೆ ಮುಂದಕ್ಕೆ ಬಿಡು ಅಂತೀರಿ. ಬೆನ್ನ ಹಿಂದಿನದು ನನಗೆ ಹೇಗೆ ಕಾಣಬೇಕು?

ಇರ್ರಿ… ಹಾಂ, ಬಿತ್ತು! ಸರಿಯಾಗಿ ತಾವರೆ ಎಲೆಯ ಪಕ್ಕಕ್ಕೆ! ಏನು ಹಾಗೆ ನೋಡ್ತೀರಿ? ಗುರಿಯಿಟ್ಟೇ ಎಸೆದದ್ದು… ಆಯಿತು, ಆಯಿತು, ಗಾಳಿ ಒಯ್ದು ಹಾಕಿತು.

ಆದರೂ ಎಂಥಾ ಕಪ್ಪೆ ಮಾಡಿಕೊಟ್ಟಿದ್ದೀರಿ! ಹವಾಯಿ ಚಪ್ಪಲಿಯ ರಬ್ಬರು, ಎರಡು ಹುಂಜದ ಪುಕ್ಕ, ಅಷ್ಟೇ. ದಾರ ಜಗ್ಗಿದರೆ ನೀರಿನ ಮೇಲೆ ಪುಳಕ್, ಪುಳಕ್. ಕೊರಮೀನಿಗೇನು, ಕಟ್ಟಿದ್ದನ್ನು ಕಣ್ಣಾರೆ ಕಂಡ ನನಗೇ ಅದಕ್ಕೆ ಜೀವವಿದೆ ಅನ್ನಿಸುತ್ತದೆ.

ಆಚೆ ದಡದಲ್ಲಿ ನಿಮ್ಮ ಇನ್ನೊಬ್ಬ ಶಿಷ್ಯೆ, ಎಲೆಕ್ಟ್ರಾನಿಕ್ ಸಿಟಿಯ ಶೋಭಾರಾಣಿ ಮೇಡಂ, ಆಗಲೇ ಎರಡು ಹಿಡಿದರು. ಎಣಿಸುವುದು ಇಲ್ಲಿಗೂ ಕೇಳಿಸಿತು. ಮೀನು ಕಪ್ಪೆಯ ಮೇಲೆ ಹಾರಿದ ಕೂಡಲೇ ಎಳೆಯಬಾರದು, ಒಂದು, ಎರಡು, ಮೂರು, ನಾಲ್ಕು, ಐದು, ಆಮೇಲೆ ಎಳೆ. ನನಗೆ ನೀವು ಹೇಳಿಕೊಟ್ಟದ್ದು ‘ನಮಃ ಶಿವಾಯ’. ಐದಕ್ಷರ ಮುಗಿಯಲಿ, ‘ಯ’ ಬಂದಾಗ ಎಳೀರಿ ಅಂದಿರಿ. ಆರು ಭಾನುವಾರವಾಯಿತು. ಈ ಈಶಪ್ಪನಿಗೆ ಮಾತ್ರ ಒಂದೂ ಸಿಕ್ಕಿಲ್ಲ.

ಸುಮ್ಮನೆ ಕೂತಿದ್ದೇವಲ್ಲ, ಒಂದು ಮಾತು ಕೇಳಲೇ? ಬಾಯಿಗೆ ಬೆರಳು ಇಡಬೇಡ್ರಿ, ಮೀನಿಗೆ ಕನ್ನಡ ಬರುತ್ತದೇನು? ಅದೇ, ಹೋದ ವಾರ ಹೇಳಿದೆನಲ್ಲ… ನನ್ನ ಪರಿಚಯದವರು, ಕೊಟ್ಟೂರು ಕಡೆಯವರು. ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯಲ್ಲಿ ನಿಮ್ಮ ಮಗ ನಂದೀಶನ ಜೊತೆ ಅವರ ಮಗಳೂ ಕೆಲಸಕ್ಕಿದ್ದಾಳೆ. ಮದುವೆಯಾದರೆ ನಂದೀಶನನ್ನೇ, ಇಲ್ಲವಾದರೆ ಬೇಡವೇ ಬೇಡ ಅಂತಾಳಂತೆ. ಅಳಲಿಲ್ಲ, ಜಗಳ ಮಾಡಲಿಲ್ಲ, ಹೇಳಿದಳು, ಎದ್ದು ಹೋಗಿ ಪೂಜೆಗೆ ಹೂ ಬಿಡಿಸಿದಳಂತೆ. ಅಪ್ಪ ಅನ್ನಿಸಿಕೊಂಡವನು ಏನು ಮಾಡಬೇಕು ಹೇಳ್ರಿ? ಪಾಪ, ನಿದ್ದೆಯಿಲ್ಲ ಅವರಿಗೆ. ನಾನು ಹೇಳಿದೆ, ಮನೆತನ ನೋಡದೆ ಹೂಂ ಅನ್ನಬೇಡ, ಊಹೂಂ ಅಂತಲೂ ಅನ್ನಬೇಡ.

ಯಾಕ್ರಿ ಮತ್ತೆ ನಗು? ಅವರಿಗೊಂದೇ ಭಯ. ಮೀನು ಬೇಯುವ ಮನೆ, ಲಿಂಗಪೂಜೆಯ ಹುಡುಗಿ… ಅವಳಿಗೊಂದು ಒಲೆ ಬೇರೆ ಕೊಡುತ್ತಾರೋ, ಮೀನಿನ ಪೊರೆ ಕೆರೆ ಅಂತ ಕೂರಿಸುತ್ತಾರೋ! ನಿಮ್ಮ ಮನೆಯವರು, ರಾಮಕ್ಕನವರು, ಹೇಗೆ? ಸೊಸೆ ಬೆಳಿಗ್ಗೆ ಅರ್ಧ ಗಂಟೆ ಪೂಜೆಗೆ ಕೂತರೆ ಮುಖ ಗಂಟಿಕ್ಕುವವರಲ್ಲ ತಾನೇ? ಪರಿಚಯದವರು ಕೇಳಲು ಹೇಳಿದ್ದಕ್ಕೆ ಕೇಳಿದೆ. ನನಗೇನು!

ಓ! ನೋಡ್ರಿ, ನೀರು ಸೀಳಿತು! ನುಂಗಿತು! ನ… ಮಃ… ಶಿ… ವಾ… ಯ!

ಹೋಯಿತು. ಕಪ್ಪೆಯನ್ನು ಉಗುಳಿ ಹೋಯಿತು. ಇಲ್ಲರೀ, ಆತುರಪಡಲಿಲ್ಲ, ‘ಯ’ ಬಂದ ಮೇಲೇ ಎಳೆದೆ. ನೀವೇ ಕೇಳಿದಿರಲ್ಲ… ಕೋಲು ಇಲ್ಲಿ ಕೊಡ್ರಿ, ನಾನೇ ಸುತ್ತಿಕೊಳ್ಳುತ್ತೇನೆ. ಬೇಡ, ಆ ಕಪ್ಪೆಯನ್ನು ಮುಟ್ಟಬೇಡ್ರಿ, ಕೆಸರಾಗಿದೆ… ತಿರುಗಿಸಬೇಡ್ರಿ…

ಹೂಂ. ಕೊಕ್ಕೆ ಇಲ್ಲ.

ಇಕ್ಕಳದಲ್ಲಿ ನಾನೇ ಕತ್ತರಿಸಿದೆ. ಅಭ್ಯಾಸ ಮಾಡುತ್ತೇನೆ ಅಂತ ಮನೆಗೆ ಒಯ್ದಿದ್ದೆನಲ್ಲ, ಎರಡನೆಯ ವಾರ, ಆಗ. ದೇವರ ಹೆಸರು ಹೇಳಿ ಒಂದು ಜೀವದ ಬಾಯಿಗೆ ಕಬ್ಬಿಣ ಚುಚ್ಚುವುದು ನನ್ನಿಂದ ಆಗಲಿಲ್ಲ. ಎಣಿಸುವುದಕ್ಕೆ ಬೇರೆ ಏನಾದರೂ ಹೇಳಿಕೊಟ್ಟಿದ್ದರೆ…

ಬಯ್ರಿ. ಮೀನು ತಿನ್ನದವನು, ಹಿಡಿಯದವನು ಇಲ್ಲಿಗೆ ಯಾಕೆ ಬರುತ್ತಾನೆ ಅಂತ ಕೇಳ್ರಿ. ಕೇಳುವುದಿಲ್ಲವೇ? ಆಶ್ಚರ್ಯವೂ ಆಗಲಿಲ್ಲವೇ ನಿಮಗೆ?

ತಡೀರಿ.

ಶೋಭಾರಾಣಿ ಮೇಡಂಗೆ ಒಂದು, ಎರಡು, ಮೂರು. ನಿಮ್ಮ ಬಳಿ ಕಲಿತವರೆಲ್ಲರಿಗೂ ಒಂದು, ಎರಡು, ಮೂರು. ನನಗೊಬ್ಬನಿಗೆ ಯಾಕೆ ‘ನಮಃ ಶಿವಾಯ’? ಅದೂ ಮೊದಲನೆಯ ದಿನವೇ! ಅತ್ತಿಬೆಲೆ ಬಸ್‌ಸ್ಟ್ಯಾಂಡಿನಲ್ಲಿ ವಿಭೂತಿ ಒರೆಸಿಕೊಂಡು ಬಂದಿದ್ದೆ. ಜಾಲಹಳ್ಳಿಯವನು ಅಂದಿದ್ದೆ. ಆದರೆ ದಾರದ ಸಿಕ್ಕು ಬಿಡಿಸಲು ಬಗ್ಗಿದಾಗ ಅಂಗಿಯೊಳಗಿನ ಲಿಂಗದ ಕರಡಿಗೆ ಹೊರಗೆ ಜೋತಾಡಿತ್ತು… ನೋಡಿದ್ದಿರಿ. ಅಲ್ಲವೇ? ನನ್ನ ಮಾತು ಎಲ್ಲಿಯದೆಂದೂ ಗೊತ್ತಾಗಿತ್ತು. ಕೊಟ್ಟೂರಿನ ಹುಡುಗಿಯ ವಿಷಯ ನಂದೀಶ ಮೊದಲೇ ಮನೆಯಲ್ಲಿ ಹೇಳಿದ್ದ. ಹೌದೋ ಅಲ್ಲವೋ?

ಪ್ರತಿ ವಾರ ರಾಮಕ್ಕನವರು ನನಗೆಂದು ಬೇರೆ ಡಬ್ಬಿಯಲ್ಲಿ ಚಿತ್ರಾನ್ನ ಕಳಿಸುತ್ತಿದ್ದರು. ಹೊಸ ಡಬ್ಬಿ, ಮುಚ್ಚಳದ ಚೀಟಿ ಇನ್ನೂ ಹರಿದಿಲ್ಲ. ಮೀನು ಸೋಕದ ಡಬ್ಬಿ… ನಾನು ತಿಂದೆ, ಕೈ ತೊಳೆದೆ, ಅವರು ಹೇಗೆ ಅಂತ ಇವತ್ತು ನಿಮ್ಮನ್ನೇ ಕೇಳುತ್ತಿದ್ದೇನೆ!

ಏನಾದರೂ ಅನ್ರಿ… ಇಲ್ಲ. ನೀವು ಅನ್ನುವುದಿಲ್ಲ. ಆರು ವಾರದಿಂದ ಅನ್ನಲಿಲ್ಲ. ಕಾಯುತ್ತಿದ್ದೀರಿ, ನಾನಾಗಿ ‘ಯ’ದವರೆಗೆ ಬರಲಿ ಅಂತ.

ಬಂದೆ ನೋಡ್ರಿ. ನಾನು ಈಶಪ್ಪ ಅಲ್ಲ. ಕೊಟ್ರಪ್ಪ. ಸವಿತಾಳ ಅಪ್ಪ.

ಈಗ ನಗ್ರಿ, ಬೀಗರೇ.