ಉದುರಿದ ಒತ್ತಕ್ಷರ

ನೋಮ್ ಪೆನ್‌ನ ಅಕ್ಕಿ ಶಾವಿಗೆ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಂದೇ ಕಂಪನಿಯ ಇಬ್ಬರಿದ್ದರು. ಕೊಲಾಪ್ ಎಂಬಾಕೆ ಕೆಂಡವಾಗಿದ್ದಳು.

"ಪರದೆ ಮೇಲೆ ನಮ್ಮ ಖ್ಮೇರ್ ಲಿಪಿಯ ಒತ್ತಕ್ಷರ ಉದುರ್ತಿವೆ ಅಂತ ನಿನ್ನೆಯಿಂದ ಬಾಸ್ ಕೂಗಾಡ್ತಿದಾನೆ, ವಿರಕ್."

"ನಮ್ಮ ಮಷಿನ್‌ಗಳೆಲ್ಲ ದುಡ್ಡಿಲ್ದೆ ಸಿಗೋ ಲಿನಕ್ಸ್ ತಾನೇ? ಅದರಲ್ಲಿ ಅಕ್ಷರ ಮೂಡಿಸೋ ಪ್ರೋಗ್ರಾಂ ನೋಡ್ಕೊಳ್ಳೋದು ನೀವೇ ಅಲ್ವಾ ಅಕ್ಕಾ?"

"ಹೂಂ, ಪುಕ್ಕಟೆಯಾಗಿ, ಬೇರೆ ಹೆಸರಲ್ಲಿ. ಅವನಿಗೇನು ಗೊತ್ತು! ಹೋದ ತಿಂಗಳು ಅದನ್ನೇ ಸರಿಮಾಡ್ತಿದ್ದೆ. ಏನು ಅಂತಾನೂ ಕೇಳದೆ, 'ಆಫೀಸಲ್ಲಿ ಈ ಬಿಟ್ಟಿ ಕೆಲಸ ಮುಟ್ಟಿದ್ರೆ ಮನೆಗೆ ಕಳಿಸ್ತೀನಿ' ಅಂದ. ಅಲ್ಲಿಗೇ ಬಿಟ್ಟೆ."

"ಈಗ?"

"ಪ್ರೋಗ್ರಾಂ ನೋಡ್ಕೊಳ್ಳೋರಿಗೆ ಮೇಲ್ ಹಾಕಿದಾನೆ. 'ಸೋಮಾರಿಗಳಾ, ಇವತ್ತೇ ಸರಿಮಾಡಿ' ಅಂತ. ಅವನ ಎದುರು ಮೇಜಲ್ಲೇ ಕೂತು ಓದಿದೆ ಕಣೋ, ಮೈಯೆಲ್ಲ ಉರಿದುಹೋಯ್ತು!"

"ಉತ್ತರ ಬರೆದ್ರಾ?"

"ಬರೆದೆ, ಅದೇ ಬೇರೆ ಹೆಸರಲ್ಲಿ. 'ಆಫೀಸಲ್ಲಿ ಇದನ್ನ ಮುಟ್ಟೋಕೆ ನಮ್ಮ ಬಾಸ್ ಬಿಡಲ್ಲ, ಏನ್ ಮಾಡ್ಲಿ' ಅಂತ."

"ಅದಕ್ಕೇನಂದ?"

"'ಯಾವನಯ್ಯಾ ಆ ಮುಠ್ಠಾಳ? ನಂಬರ್ ಕೊಡು, ನಾನೇ ವಿಚಾರಿಸ್ಕೋತೀನಿ' ಅಂದ."

"ಕೊಟ್ರಾ?"

"ತಿಂದ್ಮೇಲೆ ಕೊಡ್ತೀನಿ," ಎನ್ನುತ್ತಾ ಕೊಲಾಪ್ ಬಟ್ಟಲು ಎತ್ತಿಕೊಂಡು ನಡೆದಳು.