ಗ್ಲಿಸರಿನ್ ಕೇಳಿದ ನಟಿ

ಬೇರೆಯವರ ಮಾತು ಕೇಳಿಸಿಕೊಂಡು ಬರೆಯುವುದು ತಪ್ಪೆಂದು ಗೊತ್ತು, ಕ್ಷಮಿಸಿ. ಒಂದೆರಡು ಮಾತು ಅತ್ತಿತ್ತ ಆಗಿರಲೂಬಹುದು. ಬೆಳಗಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಧಾರಾವಾಹಿಯ ನಟಿಯೊಬ್ಬಳು, ಪಕ್ಕದಲ್ಲಿ ಅವಳಿಗೆ ಮೇಕಪ್ ಮಾಡುವ ಹೆಂಗಸು ಕೂತಿದ್ದರು.

“ಅಕ್ಕಾ, ಇವತ್ತಿಂದ ಅಳೋ ಸೀನಿಗೆ ನನ್ನ ಕಣ್ಣಿಗೆ ಗ್ಲಿಸರಿನ್ ಹಚ್ಚು.”

“ನಿಜವಾದ ಕಣ್ಣೀರೇ ಬೇಕು ಅಂತ ಡೈರೆಕ್ಟರ್ ಕುಣೀತಾರಲ್ಲೇ?”

“ಅದಕ್ಕೇ ಮೂರು ತಿಂಗಳಿಂದ ದಿನಾ ತೀರಿಹೋದ ಅಪ್ಪನ್ನ ನೆನೆಸ್ಕೊಂಡು ಅತ್ತೆ. ಈಗ ಮನೇಲಿ ಅವರ ಫೋಟೋ ನೋಡಿದ್ರೂ ‘ಇನ್ನೊಂದು ಟೇಕ್’ ಅನ್ನೋದೇ ಕೇಳ್ಸುತ್ತೆ. ನಿದ್ದೆನೇ ಇಲ್ಲ.”

“ಅಯ್ಯೋ ಹುಚ್ಚಿ! ಮೊದ್ಲೇ ಹೇಳಬಾರ್ದಿತ್ತಾ?”

“ಮನಸ್ಸಿನ ಡಾಕ್ಟರ ಹತ್ರ ಹೇಳ್ದೆ. ನಿಮ್ಮಪ್ಪನ್ನ ದಿನಾ ಶೂಟಿಂಗಿಗೆ ಕರ್ಕೊಂಡು ಹೋಗ್ಬೇಡಮ್ಮ ಅಂದ್ರು.”

“ಸರಿಯಾಗೇ ಹೇಳಿದ್ದಾರೆ. ಡೈರೆಕ್ಟರ್ ಒಪ್ಪದಿದ್ರೆ?”

“ನಟಿ ಅಂತ ತಾನೇ ನನ್ನ ಕರೆದಿದ್ದು? ನಟಿಸ್ತೀನಿ. ಅಪ್ಪ ನನ್ನವರು, ಇನ್ಮೇಲೆ ಸೀನಿಗೆ ಕೊಡಲ್ಲ.”

“ಭಲೇ! ಸೀಸೆ ನನ್ನ ಪೆಟ್ಟಿಗೇಲೇ ಇದೆ. ಏಳು, ಸ್ಟಾಪ್ ಬಂತು.”

ಇಬ್ಬರೂ ನಗುತ್ತಾ ಇಳಿದುಹೋದರು. ಡೈರೆಕ್ಟರ್ ಒಪ್ಪಿದರೋ ಇಲ್ಲವೋ ನನಗೆ ತಿಳಿಯದು. ಅದು ಯಾವ ಧಾರಾವಾಹಿ ಎಂದು ಕೇಳುವ ಧೈರ್ಯವೂ ಆಗಲಿಲ್ಲ.